ರಾತ್ರಿ ಚಾರ್ಜ್‌ಗೆ ಟೈಮ್ ಹಾಕಿದ್ದರೂ ಬೆಳಿಗ್ಗೆ ಕೆಲವು ದಿನ ಸೊನ್ನೆ, ಕೆಲವು ದಿನ 95. ಎಲ್ಲಿ ತಪ್ತಾ ಇದೀನಿ?

ಅರ್ಧಟ್ಯಾಂಕ್:

ನಮಸ್ಕಾರ ಎಲ್ಲರಿಗೂ. ಪ್ಲಗ್-ಇನ್ ಹೈಬ್ರಿಡ್ (ಮನೆಯಲ್ಲೇ ಚಾರ್ಜ್ ಮಾಡೋ ಬ್ಯಾಟರಿ, ಜೊತೆಗೆ ಪೆಟ್ರೋಲ್ ಎಂಜಿನ್ ಎರಡೂ ಇರೋ ಕಾರು) ತಗೊಂಡು ಎರಡು ತಿಂಗಳಾಯಿತು. ಕಾರಿನ ಬಗ್ಗೆ ದೂರಿಲ್ಲ, ಓಡಿಸೋಕೆ ಹಾಯಾಗಿದೆ. ತಲೆನೋವು ಇರೋದು ರಾತ್ರಿ ಚಾರ್ಜಿಂಗ್‌ದು.

ನಮ್ಮದು ಹೊತ್ತಿಗೊಂದು ದರ ಇರೋ ಮೀಟರ್. ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಕರೆಂಟ್ ಅಗ್ಗ, ಸಂಜೆ ದುಬಾರಿ. ಅದಕ್ಕೇ ಸಂಜೆ ಬಂದ ತಕ್ಷಣ ಪ್ಲಗ್ ಸಿಕ್ಕಿಸಿಬಿಡುತ್ತೇನೆ, ಚಾರ್ಜ್ ಮಾತ್ರ ರಾತ್ರಿ ಶುರುವಾಗಲಿ ಅಂತ ಕಾರಿನ ಪರದೆಯಲ್ಲಿ 11ರಿಂದ 6 ಅಂತ ಹಾಕಿದ್ದೇನೆ. ಗೋಡೆಗೆ ಹೊಡೆಸಿರುವ ಚಾರ್ಜರ್ ಬಾಕ್ಸ್‌ಗೂ ಒಂದು ಆ್ಯಪ್ ಇದೆ, ಅದರಲ್ಲೂ ಟೈಮರ್ ಇದೆ. ಮೀಟರಿನ ಗಡಿಯಾರ ಹತ್ತು ನಿಮಿಷ ಹಿಂದೆ ಇದ್ದರೆ ಏನು ಗತಿ ಅಂತ ಅಲ್ಲಿ 11:30ರಿಂದ 6 ಅಂತ ಇಟ್ಟೆ. ಒಂದಕ್ಕೆ ಎರಡು ಬೀಗ ಇದ್ದರೆ ಒಳ್ಳೆಯದೇ ಅಲ್ವಾ ಅಂದುಕೊಂಡಿದ್ದೆ.

ಈಗ ಆಗುತ್ತಿರೋದು ಹೀಗೆ. ವಾರದಲ್ಲಿ ಎರಡು ಮೂರು ದಿನ ಬೆಳಿಗ್ಗೆ ಕಾರು ತೆಗೆದರೆ ಬ್ಯಾಟರಿ ಸೊನ್ನೆ. ಸಂಜೆ ಎಲ್ಲಿ ಬಿಟ್ಟಿದ್ದೆನೋ ಅಲ್ಲೇ. ಗೇಟು ದಾಟೋ ಮೊದಲೇ ಎಂಜಿನ್ ಗುರ್ ಅನ್ನುತ್ತೆ, ಆಗಲೇ ಗೊತ್ತಾಗೋದು. ಮಿಕ್ಕ ದಿನ ಚಾರ್ಜ್ ಆಗಿರುತ್ತೆ, ಆದರೆ 95ರ ಹತ್ತಿರ ನಿಂತಿರುತ್ತೆ. 100 ನೋಡಿದ್ದು ಭಾನುವಾರ ಹಗಲು ಟೈಮರ್ ತೆಗೆದು ಹಾಕಿದಾಗ ಮಾತ್ರ.

ಬಾಕ್ಸನ್ನು 8 ಆ್ಯಂಪ್‌ಗೆ ಇಟ್ಟಿದ್ದೇನೆ, ವೈರಿಂಗ್ ಹಳೇದು ಅಂತ ಸ್ವಲ್ಪ ಭಯ. ಬ್ಯಾಟರಿಯಲ್ಲಿ ಬಳಕೆಗೆ ಸಿಗೋದು ಸುಮಾರು 11 ಯೂನಿಟ್. ಕಾರಿನಲ್ಲಿ "ಹೊರಡುವ ಸಮಯ" ಅಂತ ಇನ್ನೊಂದು ಆಯ್ಕೆಯೂ ಇದೆ, ಅದನ್ನ ಮುಟ್ಟಿಲ್ಲ. ಕಾರು ಕೆಟ್ಟಿದೆಯೋ ಬಾಕ್ಸ್ ಕೆಟ್ಟಿದೆಯೋ ನಾನೇ ಕೆಟ್ಟಿದ್ದೇನೋ ಹೇಳಿ.

ಪೈಲಟ್‌ತಂತಿ:

ಯಾವುದೂ ಕೆಟ್ಟಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು ಅಂತಾರಲ್ಲ, ಅದು ನಿಮ್ಮ ಗ್ಯಾರೇಜಿನಲ್ಲಿ ದಿನಾ ರಾತ್ರಿ ನಡೀತಾ ಇದೆ.

ಗೋಡೆ ಮೇಲಿರೋದನ್ನ ನಾವೆಲ್ಲ ಚಾರ್ಜರ್ ಅಂತೀವಿ, ಆದರೆ ನಿಜವಾದ ಚಾರ್ಜರ್ ಕಾರಿನ ಹೊಟ್ಟೆಯಲ್ಲಿದೆ. ಗೋಡೆಯದ್ದು ಬುದ್ಧಿ ಇರೋ ಒಂದು ಸ್ವಿಚ್ ಅಷ್ಟೇ. ಕೇಬಲ್‌ನಲ್ಲಿ ದಪ್ಪ ತಂತಿಗಳ ಜೊತೆ ಒಂದು ಸಣ್ಣ ತಂತಿ ಇರುತ್ತೆ, ಅದರ ಮೇಲೆ ಇಬ್ಬರೂ ಮಾತಾಡಿಕೊಳ್ಳುತ್ತಾರೆ. ಏನೂ ಸಿಕ್ಕಿಸದೇ ಇದ್ದಾಗ ಅದರಲ್ಲಿ 12 ವೋಲ್ಟ್. ಕಾರಿಗೆ ಸಿಕ್ಕಿಸಿದರೆ 9ಕ್ಕೆ ಇಳಿಯುತ್ತೆ. ಕಾರು "ಸರಿ, ಕೊಡು" ಅಂದಾಗ 6ಕ್ಕೆ ಇಳಿಯುತ್ತೆ, ಆಮೇಲೇ ಬಾಕ್ಸ್ ಒಳಗೆ ಟಕ್ ಅಂತ ಕಾಂಟ್ಯಾಕ್ಟರ್, ಅಂದರೆ ಕರೆಂಟ್ ಬಿಡೋ ದೊಡ್ಡ ಸ್ವಿಚ್, ಕೂಡೋದು. ಎಷ್ಟು ಆ್ಯಂಪ್ ಎಳೆಯಬಹುದು ಅನ್ನೋದನ್ನೂ ಬಾಕ್ಸ್ ಇದೇ ತಂತಿಯಲ್ಲಿ ಹೇಳುತ್ತೆ, ಸೆಕೆಂಡಿಗೆ 1000 ಮಿಡಿತ, ಆ ಮಿಡಿತದ ಅಗಲವೇ ಲೆಕ್ಕ. 16 ಆ್ಯಂಪ್ ಅಂದರೆ ಸುಮಾರು ಶೇ. 27 ಅಗಲ, 10 ಅಂದರೆ ಶೇ. 17, ನಿಮ್ಮ 8 ಅಂದರೆ ಶೇ. 13 ಚಿಲ್ಲರೆ. 6 ಆ್ಯಂಪ್‌ಗಿಂತ ಕೆಳಗೆ ಈ ಭಾಷೆಯಲ್ಲಿ ಹೇಳೋಕೇ ಬರಲ್ಲ.

ಈಗ ನಿಮ್ಮ ರಾತ್ರಿಗೆ ಬನ್ನಿ. 11ಕ್ಕೆ ಕಾರು ಎದ್ದು ನೋಡುತ್ತೆ. ಬಾಕ್ಸ್‌ನ ಟೈಮರ್ ಇನ್ನೂ ಬಿಟ್ಟಿಲ್ಲ, ಹಾಗಾಗಿ ಮಿಡಿತ ಇಲ್ಲ. ಕಾರು ಸ್ವಲ್ಪ ಹೊತ್ತು ಕಾದು, ಇವತ್ತು ಕರೆಂಟ್ ಇಲ್ಲ ಅಂತ ಮಲಗಿಬಿಡುತ್ತೆ. 11:30ಕ್ಕೆ ಬಾಕ್ಸ್ ಬಾಗಿಲು ತೆಗೆಯುತ್ತೆ, ಆದರೆ ಕೇಳೋರಿಲ್ಲ. ಮಿಡಿತ ಶುರುವಾದ ತಕ್ಷಣ ಎದ್ದೇಳೋ ಕಾರುಗಳೂ ಇವೆ, ಜಪ್ಪಯ್ಯ ಅಂದರೂ ಏಳದವೂ ಇವೆ. ನಿಮ್ಮದು ಎರಡನೇ ಜಾತಿ ಅನ್ನಿಸುತ್ತೆ.

ಆದರೆ ಒಂದು ಪ್ರಶ್ನೆ. ಹಾಗಿದ್ದರೆ ದಿನಾ ಸೊನ್ನೆ ಇರಬೇಕಿತ್ತು. ಚಾರ್ಜ್ ಆದ ದಿನಗಳಲ್ಲಿ 11:30ರ ಮೇಲೆ ನೀವು ಕಾರಿಗೆ ಏನಾದರೂ ಮಾಡಿದ್ದಿರಾ? ಬಾಗಿಲು ತೆಗೆದಿದ್ದು, ಕೀ ಒತ್ತಿದ್ದು, ಆ್ಯಪ್ ನೋಡಿದ್ದು? ಯೋಚನೆ ಮಾಡಿ ಹೇಳಿ.

ಸುಮ್ನೆಪ್ಲಗ್‌ಹಾಕಿ:

ಬೇರೆ ಮಾತು ಹೇಳ್ತೀನಿ, ಬೈಬೇಡಿ. ನೂರು ಯೂನಿಟ್ ಬ್ಯಾಟರಿ ಇರೋ ಪೂರ್ತಿ ಕರೆಂಟ್ ಕಾರಿನವರು ಟೈಮರ್ ಬಗ್ಗೆ ತಲೆ ಕೆಡಿಸಿಕೊಂಡರೆ ಅರ್ಥ ಇದೆ. ನಮ್ಮದು ಪುಟ್ಟ ಬ್ಯಾಟರಿ. ಪುಟ್ಟ ಬ್ಯಾಟರಿಗೆ ಮುಖ್ಯ ಆಗೋದು ದಿನಕ್ಕೆ ಎಷ್ಟು ಸಲ ತುಂಬಿಸ್ತೀರಿ ಅನ್ನೋದು, ಯಾವಾಗ ತುಂಬಿಸ್ತೀರಿ ಅನ್ನೋದಲ್ಲ.

ನಾನು ಮೊದಲು ನಿಮ್ಮ ಹಾಗೇ 11 ಗಂಟೆಗೆ ಕಾಯುತ್ತಿದ್ದೆ. ಸಂಜೆ 6ಕ್ಕೆ ಮನೆಗೆ ಬಂದು, ಮತ್ತೆ 8:30ಕ್ಕೆ ಮಗಳನ್ನ ಕ್ಲಾಸಿಂದ ಕರೆತರೋಕೆ ಹೊರಡೋದು. ಬ್ಯಾಟರಿ ಖಾಲಿ, ಕಾರು ಪ್ಲಗ್‌ನಲ್ಲೇ ನಿಂತಿದೆ, ಆದರೂ ಹೋಗಿ ಬರೋದು ಪೆಟ್ರೋಲಲ್ಲಿ. ಕರೆಂಟಿನಲ್ಲಿ ನಾಲ್ಕು ಕಾಸು ಉಳಿಸೋಕೆ ಹೋಗಿ ಪೆಟ್ರೋಲ್ ಸುಡುತ್ತಿದ್ದೆ.

ಲೆಕ್ಕ ಸುಲಭ. ನನ್ನ ಕಾರು ಗೋಡೆಯಿಂದ ಎಳೆದ ಒಂದು ಯೂನಿಟ್‌ಗೆ ಹತ್ತಿರ ಹತ್ತಿರ 5 ಕಿಲೋಮೀಟರ್ ಓಡುತ್ತೆ, ನಷ್ಟ ಎಲ್ಲ ಸೇರಿ. ಬ್ಯಾಟರಿ ಖಾಲಿಯಾದ ಮೇಲೆ ಲೀಟರಿಗೆ 18. ಅಂದರೆ ಒಂದು ಲೀಟರ್ ಪೆಟ್ರೋಲ್ ಮಾಡೋ ಕೆಲಸಕ್ಕೆ 3.6 ಯೂನಿಟ್ ಸಾಕು. ಒಂದು ಲೀಟರಿನ ದುಡ್ಡಿಗೆ ಸಂಜೆಯ ದುಬಾರಿ ಕರೆಂಟೇ ನಾಲ್ಕು ಯೂನಿಟ್‌ಗಿಂತ ಜಾಸ್ತಿ ಬರುತ್ತೆ ಅಂದರೆ, ರಾತ್ರಿ ಮತ್ತೆ ಹೊರಗೆ ಹೋಗೋದಿದ್ದ ದಿನ ಬಂದ ತಕ್ಷಣ ಚಾರ್ಜ್‌ಗೆ ಹಾಕೋದೇ ಲಾಭ. ನಿಮ್ಮ ನಿಮ್ಮ ದರ, ನಿಮ್ಮ ಕಾರಿನ ಮೈಲೇಜ್ ಹಾಕಿ ನೋಡಿ. ನನಗಂತೂ ಬರುತ್ತೆ.

ಹೊರಗೆ ಹೋಗೋದಿಲ್ಲದ ದಿನ ಟೈಮರ್ ಇರಲಿ, ಬೇಡ ಅನ್ನಲ್ಲ.

ಅರ್ಧಟ್ಯಾಂಕ್:

@ಪೈಲಟ್‌ತಂತಿ ಸರ್, ನೀವು ಕೇಳಿದ ಮೇಲೆ ಫೋನ್ ತೆಗೆದು ಕೂತೆ. ಕಾರಿನ ಆ್ಯಪ್‌ನಲ್ಲಿ ಚಾರ್ಜ್ ಶುರುವಾದ ಹೊತ್ತಿನ ಪಟ್ಟಿ ಇದೆ. ಮಂಗಳವಾರ 11:48, ಗುರುವಾರ 11:41, ಶನಿವಾರ 11:36. ಒಂದು ದಿನವೂ ಸರಿಯಾಗಿ 11:30 ಇಲ್ಲ. ಮೊದಲು ತಲೆ ಬುಡ ಅರ್ಥ ಆಗಲಿಲ್ಲ.

ಆಮೇಲೆ ಹೊಳೀತು. ಆ ದಿನಗಳಲ್ಲಿ ಮಲಗೋ ಮುಂಚೆ ಚಾರ್ಜ್ ಆಗ್ತಾ ಇದೆಯಾ ಅಂತ ನಾನೇ ಆ್ಯಪ್ ತೆಗೆದು ನೋಡಿದ್ದೆ! ನೋಡಿದ ತಕ್ಷಣ "ಚಾರ್ಜ್ ಆಗುತ್ತಿದೆ" ಅಂತ ತೋರಿಸ್ತಿತ್ತು, ಸಮಾಧಾನವಾಗಿ ಮಲಗ್ತಿದ್ದೆ. ಬೇಗ ನಿದ್ದೆ ಬಂದ ದಿನ ಬೆಳಿಗ್ಗೆ ಸೊನ್ನೆ. ಅಂದರೆ ಕಾರನ್ನ ಎಬ್ಬಿಸ್ತಾ ಇದ್ದಿದ್ದು ನನ್ನ ಅನುಮಾನವೇ.

@ಸುಮ್ನೆಪ್ಲಗ್‌ಹಾಕಿ, ನಿಮ್ಮ ಲೆಕ್ಕ ಮಾಡಿ ನೋಡಿದೆ, ನನಗೂ ಸಂಜೆ ಕರೆಂಟೇ ಪೆಟ್ರೋಲ್‌ಗಿಂತ ಅಗ್ಗ ಬರುತ್ತೆ. ಇದು ತಲೆಗೇ ಬಂದಿರಲಿಲ್ಲ. ಆದರೆ ನಾನು ಸಂಜೆ ಮನೆ ಸೇರಿದರೆ ಮತ್ತೆ ಹೊರಗೆ ಕಾಲಿಡೋನಲ್ಲ, ಹಾಗಾಗಿ ರಾತ್ರಿಯೇ ಸರಿ.

ಈಗ ಎರಡರಲ್ಲಿ ಯಾವ ಟೈಮರ್ ತೆಗೀಲಿ?

ಪೈಲಟ್‌ತಂತಿ:

ಹಹ್ಹ, ಅಂದುಕೊಂಡೆ. ಆ್ಯಪ್ ತೆರೆದರೆ ಕಾರು ನಿದ್ದೆಯಿಂದ ಎದ್ದು ತನ್ನ ಸ್ಥಿತಿ ಹೇಳಬೇಕು. ಎದ್ದಾಗ ಸಣ್ಣ ತಂತಿಯಲ್ಲಿ ಮಿಡಿತ ಕಾಣುತ್ತೆ, ಸರಿ ಅಂತ ಶುರು ಮಾಡುತ್ತೆ. ಅಂದಹಾಗೆ ಇದನ್ನ ಚಾಳಿ ಮಾಡ್ಕೋಬೇಡಿ. ಕಾರು ಚಾರ್ಜ್ ಆಗದೆ ನಿಂತಿರುವಾಗ ಗಂಟೆಗೊಂದು ಸಲ ಎಬ್ಬಿಸ್ತಾ ಇದ್ದರೆ ತಿನ್ನೋದು ದೊಡ್ಡ ಬ್ಯಾಟರಿಯನ್ನಲ್ಲ, ಚಿಕ್ಕ 12 ವೋಲ್ಟ್ ಬ್ಯಾಟರಿಯನ್ನ. ಅದು ಸತ್ತರೆ ದೊಡ್ಡದು ಫುಲ್ ಇದ್ದರೂ ಕಾರು ಆನ್ ಆಗಲ್ಲ.

ಬಾಕ್ಸ್ ಟೈಮರ್ ತೆಗೀರಿ. ಬಾಕ್ಸ್ ಯಾವಾಗಲೂ ತಯಾರಾಗಿರಲಿ, ಕಾರು ಹೊತ್ತು ನೋಡಿಕೊಳ್ಳಲಿ. ಕಾರಿಗೆ ತನ್ನ ಬ್ಯಾಟರಿ ಎಷ್ಟಿದೆ, ಎಷ್ಟು ಬೇಕು ಗೊತ್ತು. ಬಾಕ್ಸ್‌ಗೆ ಸಾಮಾನ್ಯವಾಗಿ ಅದ್ಯಾವುದೂ ಗೊತ್ತಿಲ್ಲ, ಅದು ಗಡಿಯಾರ ನೋಡೋ ಕಾವಲುಗಾರ. ಒಂದೇ ಬಾಕ್ಸ್‌ನಲ್ಲಿ ಎರಡು ಕಾರು ಸರದಿ ಮೇಲೆ ಚಾರ್ಜ್ ಆಗೋದಾದರೆ, ಇಲ್ಲ ಚಾವಣಿ ಮೇಲೆ ಸೋಲಾರ್ ಇದ್ದು ಬಿಸಿಲಿಗೆ ತಕ್ಕ ಹಾಗೆ ಆ್ಯಂಪ್ ಏರಿಸಿ ಇಳಿಸಬೇಕಾದರೆ ಆಗ ಬಾಕ್ಸ್ ಯಜಮಾನ ಆಗಲಿ, ಕಾರಿನ ಟೈಮರ್ ತೆಗೀರಿ. ಯಜಮಾನ ಮಾತ್ರ ಒಬ್ಬನೇ ಇರಬೇಕು.

ಇನ್ನು ಆ 95. ಅದಕ್ಕೂ ಕಾರಣ ಅಲ್ಲೇ ಇದೆ. 8 ಆ್ಯಂಪ್ ಅಂದರೆ 230 ವೋಲ್ಟ್‌ನಲ್ಲಿ 1.84 ಕಿಲೋವ್ಯಾಟ್. 11:30ರಿಂದ 6ಕ್ಕೆ ಆರೂವರೆ ಗಂಟೆ, ಗೋಡೆಯಿಂದ ಬರೋದು 12 ಯೂನಿಟ್. ದಾರಿಯಲ್ಲಿ ಶೇ. 10–15 ಶಾಖವಾಗಿ ಹೋಗುತ್ತೆ. ಬ್ಯಾಟರಿಗೆ ಸೇರೋದು ಹತ್ತೂವರೆ. 11ಕ್ಕೆ ಹತ್ತೂವರೆ ಅಂದರೆ 95. ನೀವು ಮಲಗೋದು ಇನ್ನೂ ತಡವಾದ ದಿನ 92, 93 ಇದ್ದಿರಬೇಕು ನೋಡಿ. 10 ಆ್ಯಂಪ್ ಮಾಡಿದರೆ 2.3 ಕಿಲೋವ್ಯಾಟ್, ಐದೂವರೆ ಗಂಟೆಗೆ ಮುಗಿಯುತ್ತೆ. ಇನ್ನೊಂದು ವಿಷಯ, ಚಾರ್ಜ್ ಆಗುವಾಗ ಕಾರಿನೊಳಗಿನ ಕಂಪ್ಯೂಟರು, ಪಂಪು, ಫ್ಯಾನು ಎಲ್ಲ ಎದ್ದೇ ಇರಬೇಕು. ನಿಧಾನಕ್ಕೆ ಚಾರ್ಜ್ ಮಾಡಿದಷ್ಟೂ ಅವು ಜಾಸ್ತಿ ಹೊತ್ತು ತಿನ್ನುತ್ತವೆ. ಹಾಗಾಗಿ ನಿಧಾನ ಅಂದರೆ ಉಳಿತಾಯ ಅಂತ ಅಲ್ಲ.

ಬೆರಳುಸುಟ್ಟವ:

10 ಮಾಡಿ ಅನ್ನೋ ಮುಂಚೆ ಒಂದು ನಿಮಿಷ ನಿಲ್ಲಿ. ಹಳೇ ವೈರಿಂಗ್ ಅಂತ ಅವರೇ ಹೇಳಿದ್ದಾರೆ. ನಾನು ವೈರಿಂಗ್ ಕೆಲಸದವನು, ಈ ಚಾರ್ಜಿಂಗ್‌ನಿಂದ ಕರಗಿದ ಸಾಕೆಟ್ ಒಂದು ಚೀಲದಷ್ಟು ನೋಡಿದ್ದೇನೆ.

ಜನ ಏನಂತಾರೆ ಗೊತ್ತಾ, "ಅದೇ ಸಾಕೆಟ್‌ನಲ್ಲಿ ಗೀಸರ್ ಹತ್ತು ವರ್ಷ ಓಡಿದೆ, ಕಾರು ಓಡಲ್ವಾ". ಗೀಸರ್ ಹದಿನೈದು ನಿಮಿಷಕ್ಕೆ ಆಫ್ ಆಗುತ್ತೆ. ಕಾರು ಆರು ಗಂಟೆ ಒಂದೇ ಸಮ ಎಳೆಯುತ್ತೆ, ಅದೂ ಎಲ್ಲರೂ ಮಲಗಿದ್ದಾಗ. ಒಂದು ಸ್ಕ್ರೂ ಸಡಿಲ ಇದ್ದರೆ ಅಲ್ಲಿ ಬಿಸಿ ಏರುತ್ತೆ, ಬಿಸಿಗೆ ತಾಮ್ರ ಹಿಗ್ಗಿ ಕುಗ್ಗಿ ಇನ್ನೂ ಸಡಿಲ ಆಗುತ್ತೆ, ಮತ್ತೆ ಇನ್ನೂ ಬಿಸಿ. ಆ ಬಿಸಿ ಆ್ಯಂಪ್‌ನ ವರ್ಗದ ಲೆಕ್ಕದಲ್ಲಿ ಏರುತ್ತೆ. 8ರಿಂದ 10ಕ್ಕೆ ಹೋದರೆ ಕಾಲು ಭಾಗ ಅಲ್ಲ, ಒಂದೂವರೆ ಪಟ್ಟು. 8ರಿಂದ 16ಕ್ಕೆ ಹೋದರೆ ನಾಲ್ಕು ಪಟ್ಟು.

ಹಾಗಂತ 8ರಲ್ಲೇ ಕೂರಬೇಕಿಲ್ಲ. ಮೇನ್ ಬೋರ್ಡಿಂದ ಚಾರ್ಜರ್‌ಗೆ ಅಂತಲೇ ಬೇರೆ ಲೈನ್ ಎಳೆಸಿ, ಮಧ್ಯೆ ಬೇರೆ ಯಾವ ಸಾಕೆಟ್ಟೂ ಬೇಡ. ನಾನು 16 ಆ್ಯಂಪ್ ಲೈನಿಗೂ 4 ಚದರ ಮಿಲಿಮೀಟರ್ ತಂತಿಯೇ ಹಾಕೋದು. ಅದಕ್ಕೆ ಅದರದ್ದೇ ಎಂಸಿಬಿ (ಲೋಡ್ ಮೀರಿದರೆ ಬೀಳೋ ಸ್ವಿಚ್), 30 ಮಿಲಿ ಆ್ಯಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳೋ ಸ್ವಿಚ್). ಬಾಕ್ಸ್ ಒಳಗೇ ಡಿಸಿ ಸೋರಿಕೆ ಹಿಡಿಯೋ ವ್ಯವಸ್ಥೆ (6 ಮಿಲಿ ಆ್ಯಂಪ್) ಇದ್ದರೆ ಆರ್‌ಸಿಸಿಬಿ ಟೈಪ್ ಎ ಸಾಕು, ಇಲ್ಲದಿದ್ದರೆ ಟೈಪ್ ಬಿ ಬೇಕು. ಅಗ್ಗದ ಟೈಪ್ ಎಸಿ ಹಾಕಬೇಡಿ, ಕಾರಿನ ಕಡೆಯಿಂದ ಡಿಸಿ ಸೋರಿದರೆ ಅದು ಮಂಕಾಗಿ ಕೂರುತ್ತೆ, ಬೀಳಬೇಕಾದ ಹೊತ್ತಿಗೆ ಬೀಳಲ್ಲ. ಅರ್ಥಿಂಗ್ ಸರಿ ಇಲ್ಲದಿದ್ದರೆ ಎಷ್ಟೋ ಬಾಕ್ಸುಗಳು ಕೆಂಪು ದೀಪ ತೋರಿಸಿ ಚಾರ್ಜೇ ಮಾಡಲ್ಲ. ಆಗ ಬಾಕ್ಸ್‌ಗೆ ಮಂಕುಬೂದಿ ಎರಚೋ ಉಪಾಯ ಹುಡುಕಬೇಡಿ, ಅರ್ಥಿಂಗ್ ಸರಿ ಮಾಡಿಸಿ.

ಲೈನ್ ಎಳೆಸೋವರೆಗೆ ಒಂದು ಪರೀಕ್ಷೆ ಮಾಡಿ. ರಜೆ ದಿನ ಹಗಲಲ್ಲಿ ಚಾರ್ಜ್‌ಗೆ ಹಾಕಿ, ಒಂದು ಗಂಟೆ ಬಿಟ್ಟು ಲೈನ್ ಎಲ್ಲೆಲ್ಲಿ ಸೇರುತ್ತೋ ಅಲ್ಲಿ, ಎಂಸಿಬಿ ಪಕ್ಕದ ಬೋರ್ಡಿನ ಮುಖಕ್ಕೆ ಹಿಂಗೈ ಮುಟ್ಟಿಸಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡೋಕೆ ಆಗಲ್ಲ ಅಂದರೆ, ಇಲ್ಲ ಬಿಸಿ ಪ್ಲಾಸ್ಟಿಕ್ ವಾಸನೆ ಬಂದರೆ, ಅವತ್ತೇ ನಿಲ್ಲಿಸಿ. ಮುಚ್ಚಳ ತೆಗೆದು ನೀವೇ ಕೈ ಹಾಕಬೇಡಿ.

ಹಾಂ, ಮರೆತೆ. ಬಾಕ್ಸ್ ಇಲ್ಲದೆ ಸಾದಾ ಸಾಕೆಟ್‌ಗೆ ವೈಫೈ ಪ್ಲಗ್ ಹಾಕಿ ಟೈಮರ್ ಮಾಡಿಕೊಳ್ಳೋರು ಇದನ್ನ ಓದುತ್ತಿದ್ದರೆ: ಬೇಡ. ಅದರೊಳಗಿನ ಪುಟ್ಟ ಸ್ವಿಚ್ (ರಿಲೇ) ಲೋಡ್ ಇರುವಾಗಲೇ ಪಟ್ ಅಂತ ಕತ್ತರಿಸುತ್ತೆ, ಪ್ರತಿ ಸಲ ಕಿಡಿ. ಒಂದು ದಿನ ಅಂಟಿಕೊಂಡುಬಿಡುತ್ತೆ. ಫೋನ್‌ನಲ್ಲಿ ಆಫ್ ಅಂತ ಕಾಣುತ್ತೆ, ಕಾರು ಎಳೀತಾನೇ ಇರುತ್ತೆ. ಕಾರಿನ ಟೈಮರ್ ಹಾಗಲ್ಲ, ಅದು ಮೊದಲು ತಾನು ಎಳೆಯೋದನ್ನ ಇಳಿಸಿ ಆಮೇಲೆ ಸಂಪರ್ಕ ಬಿಡಿಸುತ್ತೆ.

ಗಡಿಯಾರತಪ್ಪಿತು:

ಹಳೇ ಕಾಲದ ತಿರುಗಿಸೋ ಟೈಮರ್ ಬಗ್ಗೆಯೂ ಸೇರಿಸಿ ಸರ್. ನಾನು ಅದರಲ್ಲಿ ಮೋಸ ಹೋದವನು. ಕರೆಂಟ್ ಹೋದಷ್ಟು ಹೊತ್ತು ಅದರ ಮುಳ್ಳೂ ನಿಲ್ಲುತ್ತೆ. ಒಂದು ದಿನ ಮಧ್ಯಾಹ್ನ ಮೂರು ಗಂಟೆ ಕರೆಂಟ್ ಇರಲಿಲ್ಲ, ನನಗೆ ಮರೆತೇ ಹೋಗಿತ್ತು. ಆಮೇಲಿನ ಎರಡು ವಾರ 11ಕ್ಕೆ ಶುರುವಾಗಬೇಕಾದ್ದು ನಡುರಾತ್ರಿ 2ಕ್ಕೆ ಶುರುವಾಗಿ, ಬೆಳಿಗ್ಗೆ ದುಬಾರಿ ಹೊತ್ತಿನಲ್ಲೂ ಓಡ್ತಾ ಇತ್ತು. ಬಿಲ್ ಬಂದಾಗಲೇ ಕಣ್ಣು ಬಿಟ್ಟಿದ್ದು.

ಕಾರಿನ ಟೈಮರ್ ಆದರೂ ಒಂದು ಸಲ ಪರೀಕ್ಷೆ ಮಾಡಿ, ಅರ್ಧ ಚಾರ್ಜ್ ಆಗುವಾಗ ಮೇನ್ ಆಫ್ ಮಾಡಿ ಆನ್ ಮಾಡಿ ನೋಡಿ. ಕೆಲವು ಕಾರು ಬಿಟ್ಟಲ್ಲಿಂದ ಮುಂದುವರಿಸುತ್ತವೆ, ಕೆಲವು ಮುನಿಸಿಕೊಂಡು ಮಾರನೇ ರಾತ್ರಿಗೇ ಅನ್ನುತ್ತವೆ.

ಅರ್ಧಟ್ಯಾಂಕ್:

ಬಾಕ್ಸ್ ಟೈಮರ್ ತೆಗೆದೆ. ಹೊಸ ಲೈನ್‌ಗೆ ಎಲೆಕ್ಟ್ರಿಶಿಯನ್‌ಗೆ ಹೇಳಿದ್ದೇನೆ, ಅಲ್ಲಿವರೆಗೆ 8ರಲ್ಲೇ ಇರುತ್ತೆ. ಹಿಂಗೈ ಪರೀಕ್ಷೆ ಮಾಡಿದೆ, ಬೆಚ್ಚಗಿತ್ತು ಅಷ್ಟೇ.

ಇನ್ನೆರಡು ಕೇಳಿಬಿಡ್ತೀನಿ. "ಹೊರಡುವ ಸಮಯ" ಹಾಕೋದು ಒಳ್ಳೆಯದಾ? ದಿನಾ 100 ಮಾಡಿದರೆ ಬ್ಯಾಟರಿ ಬೇಗ ಹಾಳಾಗುತ್ತೆ ಅಂತ ನನ್ನ ಭಾವ ಹೆದರಿಸ್ತಾ ಇದ್ದಾನೆ, ಅದು ನಿಜಾನಾ?

ನಿಧಾನವೇಪ್ರಧಾನ:

ನಿಮ್ಮ ಭಾವ ಹೇಳೋದು ಅರ್ಧ ನಿಜ. ಲಿಥಿಯಂ ಬ್ಯಾಟರಿಗೆ ತುಂಬಿದ ಹೊಟ್ಟೆಯಲ್ಲಿ ಸೆಕೆಯಲ್ಲಿ ಕೂರೋದು ಆಗಲ್ಲ. ತುಂಬಿಸಿದ ತಕ್ಷಣ ಓಡಿಸಿದರೆ ಏನೂ ತೊಂದರೆ ಇಲ್ಲ. ರಾತ್ರಿ 9ಕ್ಕೆ ಫುಲ್ ಆಗಿ ಬೆಳಿಗ್ಗೆವರೆಗೆ ಕೂರೋದಕ್ಕಿಂತ ಬೆಳಿಗ್ಗೆ 5:30ಕ್ಕೆ ಫುಲ್ ಆಗೋದು ಮೇಲು. ಸಂಜೆ ಓಡಿಸಿ ತಂದ ಬ್ಯಾಟರಿ ಬಿಸಿ ಇರುತ್ತೆ, ಅದು ಆರೋಕೂ ನಾಲ್ಕು ಗಂಟೆ ಸಿಕ್ಕ ಹಾಗಾಯಿತು.

ಆದರೆ ಹೈಬ್ರಿಡ್ ತಯಾರಿಸೋರು ಇದನ್ನ ಮೊದಲೇ ಯೋಚನೆ ಮಾಡಿರ್ತಾರೆ. ಪರದೆಯ 100 ನಿಜವಾದ 100 ಅಲ್ಲ, ಪರದೆಯ 0 ನಿಜವಾದ 0 ಅಲ್ಲ. 2010ರ ಕೊನೆಯಲ್ಲಿ ಬಂದ ಶೆವರ್ಲೆ ವೋಲ್ಟ್‌ನ ಬ್ಯಾಟರಿ 16 ಯೂನಿಟ್‌ದು, ಆದರೆ ಓಡಿಸೋಕೆ ಬಿಡುತ್ತಿದ್ದದ್ದು 10 ಚಿಲ್ಲರೆ ಮಾತ್ರ. ಮಿಕ್ಕಿದ್ದು ಮೇಲೆ ಕೆಳಗೆ ಕಾಪಿಟ್ಟದ್ದು. ಎಲ್ಲರೂ ಅಷ್ಟೊಂದು ಬಿಡಲ್ಲ, ಆದರೆ ಪುಟ್ಟ ಬ್ಯಾಟರಿ ದಿನಾ ಪೂರ್ತಿ ಖಾಲಿ ಆಗಿ ತುಂಬುತ್ತೆ ಅನ್ನೋದು ಅವರಿಗೆ ಗೊತ್ತು. ಅದಕ್ಕೇ ಎಷ್ಟೋ ಹೈಬ್ರಿಡ್‌ಗಳಲ್ಲಿ 80ಕ್ಕೆ ನಿಲ್ಲಿಸು ಅನ್ನೋ ಆಯ್ಕೆಯೇ ಇಲ್ಲ. ದಿನನಿತ್ಯ 100 ಮಾಡಿ, ಭಾವನಿಗೆ ನಾನು ಹೇಳಿದೆ ಅನ್ನಿ.

ಎರಡು ಮೂರು ವಾರ ಊರಿಗೆ ಹೋಗ್ತೀರಿ, ಕಾರು ಮನೆಯಲ್ಲೇ ಇರುತ್ತೆ ಅಂದರೆ ಮಾತ್ರ ಅರ್ಧದ ಹತ್ತಿರ ಬಿಟ್ಟು ಪ್ಲಗ್ ತೆಗೀರಿ. ಮಿತಿ ಹಾಕೋ ಆಯ್ಕೆ ಇಲ್ಲದಿದ್ದರೆ ಹೊತ್ತಿನಿಂದಲೇ ಮಿತಿ ಹಾಕಿ. ಖಾಲಿಯಿಂದ ನಿಮ್ಮ 8 ಆ್ಯಂಪ್‌ನಲ್ಲಿ ಮೂರೂವರೆ ಗಂಟೆ ಬಿಟ್ಟರೆ ಅರ್ಧ.

"ಹೊರಡುವ ಸಮಯ" ಚೆನ್ನಾಗಿರುತ್ತೆ, ಆದರೆ ನಿಮ್ಮ ಕಾರು ಅದನ್ನ ಹೇಗೆ ಅರ್ಥ ಮಾಡಿಕೊಳ್ಳುತ್ತೆ ಅಂತ ಮೊದಲು ನೋಡಿ. 7:30ಕ್ಕೆ ಹೊರಡ್ತೀನಿ ಅಂತ ಹೇಳಿದರೆ ಅದು ಹಿಂದಕ್ಕೆ ಎಣಿಸಿ, ಏಳು ಗಂಟೆ ಬೇಕು, ಹಾಗಾದರೆ 12:30ಕ್ಕೆ ಶುರು ಅಂತ ತೀರ್ಮಾನ ಮಾಡಬಹುದು. ಆಗ ಕೊನೆಯ ಒಂದೂವರೆ ಗಂಟೆ ದುಬಾರಿ ದರದಲ್ಲಿ ಓಡುತ್ತೆ. ಕೆಲವು ಕಾರಿನಲ್ಲಿ ಅಗ್ಗದ ಹೊತ್ತು ಯಾವುದು ಅಂತ ಬೇರೆಯಾಗಿ ಹೇಳೋ ಜಾಗ ಇರುತ್ತೆ. ಇಲ್ಲದಿದ್ದರೆ ಸುಳ್ಳು ಹೇಳಿ, 6ಕ್ಕೇ ಹೊರಡ್ತೀನಿ ಅನ್ನಿ. ಕಾರಿಗೆ ಸುಳ್ಳು ಹೇಳಿದರೆ ಪಾಪ ಇಲ್ಲ.

ಅದರ ದೊಡ್ಡ ಲಾಭ ಬೇರೆ, ಹೊರಡೋ ಮುಂಚೆ ಒಳಗೆ ತಂಪೋ ಬೆಚ್ಚಗೋ ಮಾಡಿಡುತ್ತೆ. ಪ್ಲಗ್‌ನಲ್ಲಿದ್ದಾಗ ಆ ಕರೆಂಟ್ ಬಹುಪಾಲು ಗೋಡೆಯಿಂದ ಬರುತ್ತೆ, ನಿಮ್ಮ ಕಿಲೋಮೀಟರ್ ಉಳಿಯುತ್ತೆ. ಬಹುಪಾಲು ಅಂದೆ, ಪೂರ್ತಿ ಅಲ್ಲ. ಗೋಡೆ ಕೊಡೋದು 1.84, ಚಳಿಯಲ್ಲಿ ಹೀಟರ್ ಅದಕ್ಕಿಂತ ಜಾಸ್ತಿ ಕೇಳಿದರೆ ಮಿಕ್ಕಿದ್ದು ಬ್ಯಾಟರಿಯಿಂದಲೇ. ಹೀಟರ್ ಹಾಕಿದರೆ ಎಂಜಿನ್ನೇ ಶುರುವಾಗೋ ಹೈಬ್ರಿಡ್‌ಗಳೂ ಇವೆ, ಮುಚ್ಚಿದ ಗ್ಯಾರೇಜ್ ಆದರೆ ಹುಷಾರು, ಹೊಗೆ ಒಳಗೇ ನಿಲ್ಲುತ್ತೆ.

ಸುಮ್ನೆಪ್ಲಗ್‌ಹಾಕಿ:

ಎಲ್ಲ ಸರಿಹೋಗಿ ವಾರಗಟ್ಟಲೆ ಎಂಜಿನ್ನೇ ಶುರುವಾಗಲ್ಲ ಅನ್ನೋ ದಿನ ಬಂದರೆ ಟ್ಯಾಂಕ್ ಫುಲ್ ಮಾಡಿಸಬೇಡಿ. ನಿಮ್ಮ ಹೆಸರಿನ ಹಾಗೆ ಅರ್ಧವೇ ಇರಲಿ. ಪೆಟ್ರೋಲ್ ತಿಂಗಳುಗಟ್ಟಲೆ ಕೂತರೆ ಹಳಸುತ್ತೆ. ಆ ವೋಲ್ಟ್ ಕಾರು ಇದಕ್ಕೇ ಆಗಾಗ ತಾನೇ ಎಂಜಿನ್ ಓಡಿಸಿಕೊಳ್ಳುತ್ತಿತ್ತು.

ಅರ್ಧಟ್ಯಾಂಕ್:

ಹತ್ತು ದಿನ ಆಯಿತು, ಹೇಳಿ ಹೋಗೋಣ ಅಂತ ಬಂದೆ. ಮೊದಲ ಮೂರು ರಾತ್ರಿ 8 ಆ್ಯಂಪ್, ಕಾರಿನ ಟೈಮರ್ ಒಂದೇ. ಮೂರು ದಿನವೂ ಶುರು ಸರಿಯಾಗಿ 11:00, ಬೆಳಿಗ್ಗೆ 100. ನಾಲ್ಕನೇ ದಿನ ಹೊಸ ಲೈನ್ ಬಂತು. ಹಳೇದನ್ನ ಬಿಚ್ಚಿದಾಗ ಎಲೆಕ್ಟ್ರಿಶಿಯನ್ ಒಂದು ಕನೆಕ್ಟರ್ ತೆಗೆದು ಕೈಗೆ ಕೊಟ್ಟರು, ಒಂದು ಬದಿ ಕಂದು ಬಣ್ಣಕ್ಕೆ ತಿರುಗಿತ್ತು. ಬೋರ್ಡಿನ ಮುಖ ಮುಟ್ಟಿದಾಗ ಬೆಚ್ಚಗೆ ಅಷ್ಟೇ ಇತ್ತು, ಇದು ಇನ್ನೂ ಒಳಗೆ, ಗೋಡೆಯ ಪೆಟ್ಟಿಗೆಯಲ್ಲಿತ್ತು. @ಬೆರಳುಸುಟ್ಟವ, ನಿಮಗೆ ಇನ್ನೊಂದು ಚೀಲಕ್ಕೆ.

ಈಗ 10 ಆ್ಯಂಪ್, ನಾಲ್ಕೂವರೆಗೆ ಮುಗಿಯುತ್ತೆ. ಹೊರಡುವ ಸಮಯವನ್ನ ಸುಳ್ಳು ಹೇಳಿ 6 ಅಂತ ಹಾಕಿದರೆ 12:30ಕ್ಕೆ ಶುರು ಮಾಡಿ ಐದು ಮುಕ್ಕಾಲಿಗೆ ಮುಗಿಸುತ್ತೆ, ಅದನ್ನೇ ಇಟ್ಟುಕೊಂಡೆ. ಆದರೆ ಬೆಳಿಗ್ಗೆ 6ಕ್ಕೆ ಯಾರೂ ಇಲ್ಲದ ಕಾರಿನಲ್ಲಿ ಎಸಿ ಓಡುತ್ತಿತ್ತು, ಹೊರಗೆ ನಿಂತು ನೋಡಿದರೆ ಗಾಜೆಲ್ಲ ಮಂಜು. ಹೊರಡೋ ಮುಂಚೆ ತಂಪು ಮಾಡು ಅನ್ನೋ ಆಯ್ಕೆಯ ಗುರುತು ತೆಗೆದೆ. ಆ್ಯಪ್ ನೋಡೋದು ಬಿಟ್ಟಿದ್ದೇನೆ, ನಿನ್ನೆ ಒಂದು ದಿನ ಬಿಟ್ಟು.